ಬಂಗು, ಮೊಡವೆ ಮತ್ತು ಒಂದು ಟ್ಯೂಬು



ಖಾನಾಪುರದ ಮಳೆಯಲ್ಲಿ ಭತ್ತದ ನಾಟಿ ಮಾಡುವ ತಾಯಂದಿರ ಕೆನ್ನೆಯ ಮೇಲೆ ಕಂದು ಕಲೆ ಕಂಡಿದ್ದೀರಲ್ಲವೆ? ಅದೇ ಬಂಗು. ಬಸಿರು, ಹಾರ್ಮೋನು, ವಂಶವಾಹಿ, ಬಿಸಿಲು ಇವು ಕೂಡಿ ಚರ್ಮದಲ್ಲಿ ಮೆಲನಿನ್ ಹೆಚ್ಚಿಸುತ್ತವೆ. ಮೋಡ ಕವಿದರೂ ಅತಿನೇರಳೆ ಕಿರಣ ತೂರಿ ಬರುತ್ತದೆ.

ಮೂವತ್ತು ದಾಟಿದರೂ ಕೆಲವರಿಗೆ ಎಣ್ಣೆಚರ್ಮ, ಮೊಡವೆ ತಪ್ಪುವುದಿಲ್ಲ. ಆಗ ಪೇಚು: ಬಂಗಿಗೆಂದು ಹಚ್ಚಿದ ಜಿಡ್ಡಿನ ಕ್ರೀಮು ಮೊಡವೆ ಎಬ್ಬಿಸುತ್ತದೆ, ಮೊಡವೆಗೆಂದು ತಿಕ್ಕಿದರೆ, ನಿಂಬೆರಸ ಹಚ್ಚಿದರೆ ಉರಿಯೆದ್ದು ಕಲೆ ಕಪ್ಪಾಗುತ್ತದೆ.

ಬೆಳಗಾವಿಗೆ ಹೋದವರ ಕೈಲಿ ಬೆಳ್ಳಗಾಗುವ ಟ್ಯೂಬು ತರಿಸುವವರುಂಟು. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಮೊದಲು ಮುಖ ತಿಳಿಯಾಗುತ್ತದೆ, ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಮೊಡವೆ ಮುತ್ತುತ್ತದೆ; ಬಿಟ್ಟರೆ ಬಂಗು ಮರಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಿತು. ಚೀಟಿ ಕೇಳುವ ಅಂಗಡಿ ಎಷ್ಟಿವೆಯೋ!

ಎರಡಕ್ಕೂ ಒದಗುವ ಔಷಧವೊಂದಿದೆ, ಅಜೆಲಾಯಿಕ್ ಆಮ್ಲ. ಅದು ಮೊಡವೆಯ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವವನ್ನೂ ಹತ್ತಿಕ್ಕುತ್ತದೆ. ಆದರೆ ಫಲ ಕಾಣಲು ಮೂರ್ನಾಲ್ಕು ತಿಂಗಳು ಬೇಕು. ಜೊತೆಗೆ ಜಿಡ್ಡಿಲ್ಲದ ಸನ್‌ಸ್ಕ್ರೀನ್, ತಲೆಯ ಮೇಲೆ ಸೆರಗು.

ಅವ್ವನ ಟ್ಯೂಬಿನ ಮೇಲೆ ಬೆಟಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಎಂದಿದೆಯೇ ಓದಿ ನೋಡಿ. ಇದ್ದರೆ ಕಿತ್ತು ಎಸೆಯಬೇಡಿ, ತಟ್ಟನೆ ನಿಲ್ಲಿಸಿದರೂ ಮುಖ ಉರಿದು ಕೆಂಪಾಗಬಹುದು. ಟ್ಯೂಬಿನ ಸಮೇತ ಅವರನ್ನು ಚರ್ಮವೈದ್ಯರ ಬಳಿ ಕರೆದೊಯ್ಯಿರಿ.