ಇಲಿಯ ಹತಾಶೆ, ಮನುಷ್ಯನ ಖಿನ್ನತೆ



ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದವನು ಇಲಿಗಳ ಮೇಲಿನ ಔಷಧಪ್ರಯೋಗವನ್ನು ಕುರಿತು ಮಾತನಾಡಹೊರಟರೆ ನಿಮಗೆ ವಿಚಿತ್ರವೆನಿಸೀತು. ನನ್ನನ್ನು ಈ ವಿಷಯದ ಕಡೆಗೆ ಎಳೆದವನು ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ನನ್ನ ತಮ್ಮ.

ಅವನಿಗೆ ಹದಿಹರೆಯದಿಂದಲೂ ಮೂರ್ಛೆರೋಗ. ಬಿದ್ದಾಗಲೆಲ್ಲ ನೆರೆಯವರು ಓಡಿಬಂದು ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುತ್ತಿದ್ದರು. ಅದರಿಂದ ಏನೂ ಪ್ರಯೋಜನವಿಲ್ಲವೆಂದು ಈಗ ಬಲ್ಲೆವು. ಎದ್ದಮೇಲೆ ಅವನನ್ನು ಕವಿಯುತ್ತಿದ್ದ ನಾಚಿಕೆಗೆ ಮಾತ್ರ ಯಾರ ಬಳಿಯೂ ಮದ್ದಿರಲಿಲ್ಲ. ಕ್ರಮೇಣ ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟ. ಆಮೇಲೆ ಮನೆಯವರೊಡನೆ ಮಾತನ್ನೂ ಬಿಟ್ಟ. ಕೆಲವು ವರ್ಷಗಳ ಹಿಂದೆ ವೈದ್ಯರು ಮಾತ್ರೆ ಬದಲಿಸಿ ಲ್ಯಾಮೋಟ್ರಿಜಿನ್ ಎಂಬುದನ್ನು ಕೊಟ್ಟರು. ಕೆಲವು ತಿಂಗಳುಗಳಲ್ಲಿ ಮೂರ್ಛೆ ಅಪರೂಪವಾಯಿತು, ಮುಖವೂ ಗೆಲುವಾಯಿತು. ಒಂದು ಸಂಜೆ ಅವನೇ ಕೇಳಿದ: "ಅಣ್ಣಾ, ಈ ಮಾತ್ರೆ ಫಿಟ್ಸಿಗೋ, ಮನಸ್ಸಿಗೋ?"

ಪ್ರಶ್ನೆ ಸರಳ, ಉತ್ತರ ಕಠಿನ. ಮೂರ್ಛೆ ನಿಂತದ್ದರಿಂದ ಭಯ ಕಳೆಯಿತು. ಭಯ ಕಳೆದದ್ದರಿಂದ ಮಗ್ಗಕ್ಕೆ ಮರಳಿದ, ನಾಲ್ಕು ಕಾಸು ಸಂಪಾದಿಸಿದ. ಇವುಗಳಲ್ಲಿ ಮನಸ್ಸನ್ನು ಎತ್ತಿದ್ದು ಯಾವುದು? ಔಷಧದ ಪಾಲೆಷ್ಟು, ಬದುಕಿನ ಪಾಲೆಷ್ಟು? ಮನುಷ್ಯನಲ್ಲಿ ಇವನ್ನು ಬಿಡಿಸಿ ನೋಡುವುದು ದುಸ್ತರ. ಆದಕಾರಣ ವಿಜ್ಞಾನಿ ಇಲಿಯ ಬಳಿಗೆ ಹೋಗುತ್ತಾನೆ.

1977ರಲ್ಲಿ ಪೋರ್ಸೋಲ್ಟ್ ಎಂಬ ವಿಜ್ಞಾನಿಯೂ ಸಂಗಡಿಗರೂ ಒಂದು ಪರೀಕ್ಷೆಯನ್ನು ರೂಪಿಸಿದರು. ನೀರು ತುಂಬಿದ ಗಾಜಿನ ಜಾಡಿಯಲ್ಲಿ ಸಣ್ಣ ಇಲಿಯೊಂದನ್ನು ಬಿಡುತ್ತಾರೆ. ಮೊದಲು ಅದು ಗೋಡೆ ಹತ್ತಲು ಹೆಣಗುತ್ತದೆ. ಬಳಿಕ ಮೂಗು ಮುಳುಗದಷ್ಟು ಮಾತ್ರ ಕಾಲಾಡಿಸುತ್ತ ಸುಮ್ಮನೆ ತೇಲುತ್ತದೆ. ಆರು ನಿಮಿಷಗಳ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೊನೆಯ ನಾಲ್ಕು ನಿಮಿಷಗಳ ನಿಶ್ಚಲತೆಯನ್ನು ಎಣಿಸುತ್ತಾರೆ. ಇಮಿಪ್ರಮಿನ್‌ನಂಥ ಖಿನ್ನತೆಯ ಮದ್ದನ್ನು ಮುಂಚೆಯೇ ಕೊಟ್ಟಿದ್ದರೆ ಇಲಿ ಹೆಚ್ಚು ಹೊತ್ತು ಹೆಣಗುತ್ತದೆ. ಲ್ಯಾಮೋಟ್ರಿಜಿನ್ ಕೊಟ್ಟಾಗಲೂ ನಿಶ್ಚಲತೆ ಕುಗ್ಗಿದ್ದುಂಟು. ಆ ಇಲಿಗೆ ಮೂರ್ಛೆರೋಗವಿಲ್ಲ, ನಾಚಿಕೆಯಿಲ್ಲ, ಮಗ್ಗವಿಲ್ಲ. ಆದ್ದರಿಂದ ಮೂರ್ಛೆ ನಿಂತು ಗೆಲುವಾಯಿತೆಂದು ಹೇಳಲು ಅಲ್ಲಿ ಎಡೆಯಿಲ್ಲ. ಪ್ರಯೋಗದ ಬೆಲೆಯಿರುವುದು ಇಲ್ಲಿ.

ಈ ಮದ್ದು ನರಕೋಶಗಳ ಸೋಡಿಯಂ ದ್ವಾರಗಳನ್ನು ಹಿಡಿದು, ಅತಿಯಾಗಿ ಮಿಡಿಯುವ ಕೋಶವನ್ನು ತಣಿಸುತ್ತದೆ. ಉದ್ರೇಕಕಾರಿಯಾದ ಗ್ಲುಟಮೇಟ್ ಚೆಲ್ಲುವುದನ್ನು ತಗ್ಗಿಸುತ್ತದೆ. ಮೂರ್ಛೆಯನ್ನು ತಡೆಯುವ ಈ ಕ್ರಿಯೆಯೇ ಮನಸ್ಸಿನ ಭಾರವನ್ನೂ ಇಳಿಸುತ್ತಿರಬಹುದೆಂಬುದು ಒಂದು ಊಹೆ.

ಇನ್ನು ನನ್ನ ಕಸುಬಿಗೆ ಸೇರಿದ ಒಂದು ಮಾತು. ತೇಲುವ ಇಲಿಯ ಆ ಸ್ಥಿತಿಗೆ ಸಂಶೋಧಕರು ಕೊಟ್ಟ ಹೆಸರು 'ಹತಾಶೆ'. ಇಲಿ ಹತಾಶವಾಯಿತೋ, ಇಲ್ಲವೆ ಹೆಣಗಿ ಫಲವಿಲ್ಲವೆಂದು ಕಲಿತು ಶಕ್ತಿಯನ್ನು ಉಳಿಸಿಕೊಂಡಿತೋ? ಎರಡನೆಯದೇ ಸರಿಯೆನ್ನುವ ವಿದ್ವಾಂಸರಿದ್ದಾರೆ. ಮದ್ದು ಇಲಿಯನ್ನು ಬರಿದೇ ಚಡಪಡಿಸುವಂತೆ ಮಾಡಿರಲೂಬಹುದು. ಅದಕ್ಕಾಗಿ ಬಯಲಿನಂಥ ಪೆಟ್ಟಿಗೆಯಲ್ಲಿ ಅದರ ಓಡಾಟವನ್ನು ಬೇರೆಯಾಗಿ ಅಳೆಯುತ್ತಾರೆ. ನಮ್ಮ ಅಲಂಕಾರಿಕರು ರೂಪಕವನ್ನೂ ಉಪಮೆಯನ್ನೂ ಬೇರೆಬೇರೆ ಇಟ್ಟರು: ಒಂದರಲ್ಲಿ ಅಭೇದ, ಇನ್ನೊಂದರಲ್ಲಿ ಸಾಮ್ಯ ಮಾತ್ರ. 'ಇಲಿ ಹತಾಶವಾಯಿತು' ಎಂಬುದು ರೂಪಕ. ಎಚ್ಚರದ ಸಂಶೋಧಕರು ಇಂದು ಬರೆಯುವುದು 'ಖಿನ್ನತೆ ನಿವಾರಕದಂಥ ಪರಿಣಾಮ' ಎಂದು. ಆ 'ಅಂಥ' ಎಂಬ ಪ್ರತ್ಯಯದಲ್ಲಿ ವಿಜ್ಞಾನದ ಪ್ರಾಮಾಣಿಕತೆಯಿದೆ.

ಮನುಷ್ಯರಲ್ಲಿಯೂ ಆಧಾರವಿಲ್ಲದಿಲ್ಲ. ಉನ್ಮಾದ ಖಿನ್ನತೆಗಳು ಸರದಿಯಂತೆ ಬರುವ ಕಾಯಿಲೆ ಮರುಕಳಿಸದಿರಲು ಲ್ಯಾಮೋಟ್ರಿಜಿನ್ ಬಳಕೆಗೆ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಹಾಗೆಂದು ಮೂರ್ಛೆಯ ಮದ್ದುಗಳೆಲ್ಲ ಹೀಗಲ್ಲ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್ ಕೆಲವರ ಮನಸ್ಸನ್ನು ಕುಗ್ಗಿಸುತ್ತದೆ. ಈ ವರ್ಗದ ಮದ್ದುಗಳನ್ನು ಸೇವಿಸುವವರಲ್ಲಿ ಆತ್ಮಹತ್ಯೆಯ ಯೋಚನೆ ಸುಳಿಯಬಹುದೆಂದು 2008ರಲ್ಲಿ ಅಲ್ಲಿಯ ಔಷಧ ಇಲಾಖೆಯೇ ಎಚ್ಚರಿಸಿತು.

ಇದು ದೂರದ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ನಗರದಲ್ಲೂ ಸುತ್ತಣ ಹಳ್ಳಿಗಳಲ್ಲೂ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಸಾವಿರಕ್ಕೆ ನಗರದಲ್ಲಿ 5.7, ಹಳ್ಳಿಗಳಲ್ಲಿ 11.9 ಮಂದಿಗೆ ಮೂರ್ಛೆರೋಗವಿತ್ತು. ಮೂರ್ಛೆರೋಗಿಗಳಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು. ಆದರೆ ಬಿದ್ದವನನ್ನು ಎತ್ತುವ ನಾವು ಅವನ ಮೌನವನ್ನು ಕಾಣುವುದಿಲ್ಲ.

ನನ್ನ ತಮ್ಮ, ಮನಸ್ಸು ಸರಿಹೋಯಿತಲ್ಲ ಎಂದು, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಎರಡು ವಾರದೊಳಗೆ ಮಗ್ಗದ ಪಕ್ಕದಲ್ಲೇ ಬಿದ್ದು ಕೈ ಮುರಿದುಕೊಂಡ. ಮೈಮೇಲೆ ಅಪಾಯದ ಗುಳ್ಳೆಗಳೇಳದಂತೆ ವೈದ್ಯರು ಮತ್ತೆ ಅಲ್ಪ ಪ್ರಮಾಣದಿಂದ ಮೊದಲುಮಾಡಿ, ವಾರವಾರವೂ ನಿಧಾನವಾಗಿ ಏರಿಸಬೇಕಾಯಿತು.

ಅವನ ಪ್ರಶ್ನೆಗೆ ಈಗ ನಾನು ಕೊಡುವ ಉತ್ತರವಿದು: "ಎರಡಕ್ಕೂ ಇರಬಹುದಪ್ಪ, ವೈದ್ಯರನ್ನು ಕೇಳದೆ ಮಾತ್ರ ಬಿಡಬೇಡ." ಆ 'ಇರಬಹುದು' ಎಂಬಷ್ಟಕ್ಕೆ ಇಲಿ ಸಾಕ್ಷಿ. ನಾಚಿಕೆಯ ವಿಷಯದಲ್ಲಿ ಇಲಿ ನಮಗೆ ಏನನ್ನೂ ಹೇಳಲಾರದು. ಹೋದ ಮಾಘದಲ್ಲಿ ಬಂಧುಗಳ ಮನೆಯ ಮದುವೆಗೆ ಅವನನ್ನು ಕರೆದುಕೊಂಡು ಹೋದೆ. ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಊಟ ಮಾಡಿದ.