ವ್ಯಸನ ಬಿಟ್ಟವಳಿಗೊಂದು ಮನೆ



ವ್ಯಸನವೆಂಬುದು ಸಂಸ್ಕೃತ ಶಬ್ದ. ಎಸೆಯುವುದು ಎಂಬರ್ಥದ ಧಾತುವಿನಿಂದ ಹುಟ್ಟಿದುದು. ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದೇ ವ್ಯಸನವೆಂದು ಕೌಟಿಲ್ಯನು ಅರ್ಥ ಮಾಡಿದ್ದಾನೆ. ನಮ್ಮ ಆಡುಮಾತಿನಲ್ಲಿ ಈ ಶಬ್ದಕ್ಕೆ ಮತ್ತೊಂದು ಅರ್ಥವೂ ಇದೆ. ಸಾವಿನ ಮನೆಗೆ ಹೋದವರು ‘ವ್ಯಸನ ಮಾಡಬ್ಯಾಡವ್ವಾ’ ಎಂದು ಸಮಾಧಾನ ಹೇಳುತ್ತಾರೆ. ಅಲ್ಲಿ ವ್ಯಸನವೆಂದರೆ ದುಃಖ. ಚಟಕ್ಕೂ ದುಃಖಕ್ಕೂ ಒಂದೇ ಹೆಸರು! ಗಂಡಸು ಕುಡಿದರೆ ‘ಪಾಪ, ಏನು ಚಿಂತೆಯೋ’ ಎಂದು ಎರಡನೆಯ ಅರ್ಥವನ್ನೂ ನೆನೆಯುತ್ತೇವೆ. ಹೆಣ್ಣುಮಗಳು ಕುಡಿದರೆ ಮೊದಲನೆಯ ಅರ್ಥವೊಂದೇ ನಮಗೆ ಕಾಣುತ್ತದೆ.

ಮಠದ ಹಳೆಯ ಪ್ರಸಾದನಿಲಯದ ಕಟ್ಟಡದಲ್ಲಿ, ವ್ಯಸನ ಬಿಟ್ಟ ಹೆಣ್ಣುಮಕ್ಕಳು ಕೆಲಕಾಲ ಇದ್ದು ಗಟ್ಟಿಯಾಗಲು ಒಂದು ಮನೆಯನ್ನು ತೆರೆಯಬೇಕೆಂದು ಸಂಕಲ್ಪಿಸಿದ್ದೇವೆ. ಸುದ್ದಿ ಕೇಳಿ ಕೆಲವು ಹಿರಿಯ ಭಕ್ತರು ಬಂದರು. ‘ಅಪ್ಪಾವರೇ, ಅಂಥವರನ್ನು ಮಠದ ಆವರಣದಲ್ಲಿ ಇಟ್ಟುಕೊಂಡರೆ ಮಠದ ಘನತೆ ಏನಾದೀತು? ನಮ್ಮ ಹೆಣ್ಣುಮಕ್ಕಳು ಪೂಜೆಗೆ ಬರುವ ಜಾಗವಲ್ಲವೇ?’ ಎಂದು ಕೇಳಿದರು. ಅವರು ಕೇಳಿದ್ದು ಒಳ್ಳೆಯದಾಯಿತು. ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದರೆ ಉತ್ತರ ಹೇಳಲು ಅವಕಾಶವಿರುತ್ತಿರಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಯಾರು ಯಾರಿದ್ದರು, ನೆನಪಿಸಿಕೊಳ್ಳಿರಿ. ಹೆಂಡ ಮಾರುವ ಮಾರಯ್ಯನಿದ್ದ, ಅವನೂ ವಚನಕಾರನಾದ. ಸೂಳೆ ಎಂದು ಊರು ಕರೆದ ಸಂಕವ್ವೆ ಇದ್ದಳು, ಅವಳೂ ವಚನಕಾರ್ತಿಯಾದಳು. ಅವರಿಂದ ಶರಣಸಂಕುಲದ ಘನತೆ ಕುಂದಿತೇ? ಅವರನ್ನು ಒಳಗೆ ಕರೆದುದರಿಂದಲೇ ಕಲ್ಯಾಣವು ಕಲ್ಯಾಣವಾಯಿತು. ಬಿದ್ದವರನ್ನು ಎತ್ತಿದರೆ ಮೈಲಿಗೆಯಾಗುವ ಮಠ ಬಸವಣ್ಣನವರ ಮಠವಾಗಲಾರದು.

ಈ ಕಾರ್ಯ ನಮ್ಮ ಪರಂಪರೆಗೆ ಹೊಸದೂ ಅಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರಿಗೆ ಹೊರಟರು. ಅವರು ಬೇಡಿದ ಭಿಕ್ಷೆ ಜನರ ದುಶ್ಚಟಗಳು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಜೋಳಿಗೆಯನ್ನು ಇಳಿಸಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಚಟವನ್ನು ಜೋಳಿಗೆಗೆ ಹಾಕಿದ ಗಂಡಸು ಮನೆಗೆ ಹೋದರೆ ಹೆಂಡತಿ ಆರತಿ ಎತ್ತುತ್ತಾಳೆ. ಹೆಣ್ಣುಮಗಳು ಹಾಕಿದರೆ ಅವಳು ಯಾವ ಮನೆಗೆ ಹೋಗಬೇಕು? ಗಂಡನ ಮನೆಯವರು ಬೇಡವೆನ್ನುತ್ತಾರೆ. ತವರಿನವರು ತಂಗಿಯ ಮದುವೆ ಆಗಲಿ ಎನ್ನುತ್ತಾರೆ. ಕುಡಿಯುವ ಗಂಡನೇ ಕರೆದೊಯ್ದರೂ ಆ ಮನೆಯಲ್ಲಿ ಬಾಟಲಿ ಹಾಗೆಯೇ ಇರುತ್ತದೆ. ಜೋಳಿಗೆಯ ಮುಂದಿನ ಹೆಜ್ಜೆಯೇ ಈ ಮನೆ.

‘ಅಂಥವರು ಎಷ್ಟು ಜನ ಇದ್ದಾರು?’ ಎಂದೂ ಕೇಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೀರಿದ ಗಂಡಸರಲ್ಲಿ ನೂರಕ್ಕೆ ಸುಮಾರು 19 ಜನ ಮದ್ಯ ಸೇವಿಸುತ್ತಾರೆ. ಹೆಂಗಸರಲ್ಲಿ ನೂರಕ್ಕೆ 1.3. ಸಂಖ್ಯೆ ಸಣ್ಣದು, ನಿಜ. ನೂರು ಜನ ಜಾರಿದ ದಾರಿಯಲ್ಲಿ ಕೈಹಿಡಿಯಲು ಯಾರಾದರೂ ಸಿಗುತ್ತಾರೆ. ಒಬ್ಬಳೇ ಜಾರಿದರೆ ಅವಳು ಬಿದ್ದದ್ದೂ ಯಾರಿಗೂ ತಿಳಿಯುವುದಿಲ್ಲ. ಅವಳು ಬಾಗಿಲು ಹಾಕಿಕೊಂಡು ಕುಡಿಯುತ್ತಾಳೆ. ಅಷ್ಟೇ ಮದ್ಯ ಗಂಡಸಿಗಿಂತ ಹೆಂಗಸಿನ ದೇಹವನ್ನು ಬೇಗ ಕೆಡಿಸುತ್ತದೆ ಎಂದು ವೈದ್ಯರು ಹೇಳುತ್ತಾರೆ. ನಾಚಿಕೆಯಿಂದ ತಡವಾದಷ್ಟೂ ಅವಳ ಆಯುಸ್ಸು ಸವೆಯುತ್ತದೆ.

ಒಂದು ಮಾತನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿರಿ. ಇದು ಆಸ್ಪತ್ರೆಯಲ್ಲ. ಬಹುಕಾಲ ಕುಡಿದ ದೇಹ ಒಮ್ಮೆಗೇ ಬಿಟ್ಟರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಪ್ರಾಣಕ್ಕೂ ಅಪಾಯವುಂಟು. ವಿಭೂತಿ ಹಚ್ಚಿ, ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವುದು ಭಕ್ತಿಯಲ್ಲ, ಅವಿವೇಕ. ಮೊದಲು ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಚಿಕಿತ್ಸೆಯಾಗಬೇಕು. ಆಸ್ಪತ್ರೆಯ ವಾಸ ಕೆಲವು ವಾರಗಳದು. ಮನಸ್ಸು ಮಾಗಲು ತಿಂಗಳುಗಳು ಬೇಕು. ಆ ತಿಂಗಳುಗಳಿಗಾಗಿ ನಮ್ಮ ಮನೆ.

ಮನೆ ನಡೆಯುವ ಬಗೆಯನ್ನೂ ಯೋಚಿಸಿದ್ದೇವೆ. ಮಹಾಂತ ಜೋಳಿಗೆ ಹೊರಟ ಅದೇ 1975ರಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ ಸರ್ಕಾರ ಮುಚ್ಚಲಿದ್ದ ಇಂಥ ಮನೆಯೊಂದನ್ನು ಅಲ್ಲಿದ್ದವರೇ ಬಾಡಿಗೆಗೆ ಹಿಡಿದರು. ಅದಕ್ಕೆ ಆಕ್ಸ್‌ಫರ್ಡ್ ಹೌಸ್ ಎಂದು ಹೆಸರು. ಮನೆಯ ಆಡಳಿತ ಇರುವವರದೇ, ಖರ್ಚು ಅವರದೇ, ಮತ್ತೆ ಕುಡಿದವರು ಹೊರಗೆ ಹೋಗಬೇಕು—ಇವು ಅಲ್ಲಿಯ ನಿಯಮಗಳು. ಮೊದಲೆರಡನ್ನು ನಾವು ಸಂತೋಷದಿಂದ ಸ್ವೀಕರಿಸುತ್ತೇವೆ. ಅದು ನಮ್ಮ ಕಾಯಕ ತತ್ತ್ವವೇ. ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ನಾಡಿನ ಹೆಣ್ಣುಮಕ್ಕಳು ಮಠದ ಅನ್ನವನ್ನು ಹಂಗಿನಿಂದ ಉಣ್ಣಬಾರದು. ಹೊಲಿಗೆ, ರೊಟ್ಟಿ, ತೋಟ—ಬಲ್ಲ ಕಾಯಕ ಮಾಡಲಿ, ಪಾಲು ಹಾಕಲಿ. ಮೂರನೆಯದನ್ನು ತುಸು ಬದಲಿಸಿದ್ದೇವೆ. ಮತ್ತೆ ಕುಡಿದವಳು ಉಳಿದವರ ನಡುವೆ ಇರುವಂತಿಲ್ಲ. ಆದರೆ ಅವಳು ಬೀದಿಗೆ ಹೋಗುವುದಿಲ್ಲ, ಆಸ್ಪತ್ರೆಗೆ ಹೋಗುತ್ತಾಳೆ. ಗುಣವಾಗಿ ಬಂದರೆ ಬಾಗಿಲು ತೆರೆದೇ ಇರುತ್ತದೆ. ಚಿಕ್ಕ ಮಕ್ಕಳಿರುವ ತಾಯಿ ಮಕ್ಕಳೊಡನೆ ಬರಬಹುದು. ‘ಮಕ್ಕಳನ್ನು ಯಾರ ಕೈಗೆ ಬಿಡಲಿ’ ಎಂಬ ಚಿಂತೆಯಿಂದಲೇ ಎಷ್ಟೋ ತಾಯಂದಿರು ಚಿಕಿತ್ಸೆಗೆ ಹೋಗುವುದಿಲ್ಲ.

ದುಃಖವೇ ಸೇವೆಯಾಗಿ ಹೊರಳಿದ ಉದಾಹರಣೆ ನೆರೆಯ ಮದರಾಸಿನಲ್ಲಿದೆ. ಶಾಂತಿ ರಂಗನಾಥನ್ ಎಂಬ ತಾಯಿ ಕುಡಿತದಿಂದ ಗಂಡನನ್ನು ಕಳೆದುಕೊಂಡು, 1980ರಲ್ಲಿ ವ್ಯಸನಿಗಳಿಗಾಗಿಯೇ ಚಿಕಿತ್ಸಾಲಯ ಸ್ಥಾಪಿಸಿದರು. ತನ್ನ ಮನೆಯ ದೀಪ ಆರಿದಾಗ ಬೇರೆಯವರ ಮನೆಯ ದೀಪಕ್ಕೆ ಎಣ್ಣೆ ಹಾಕಿದ ತಾಯಿ ಅವರು.

ಭಕ್ತರೇ, ದಾಸೋಹಕ್ಕೆ ಅಕ್ಕಿ ಬೇಳೆ ಕೊಡಲು ನಿಮಗೆ ಹೇಳಿಕೊಡಬೇಕಿಲ್ಲ. ಇಂದು ನಾವು ಬೇಡುವ ಭಿಕ್ಷೆ ಬೇರೆ. ಆ ಮನೆಯಿಂದ ಹೊರಬಂದವಳ ಹಳೆಯ ಕಥೆಯನ್ನು ಕೆದಕಬೇಡಿರಿ. ಅಂಗಡಿಯಲ್ಲೋ ಹೊಲದಲ್ಲೋ ಅವಳಿಗೊಂದು ಕೆಲಸ ಕೊಡಿರಿ. ನಿಮ್ಮ ಮನೆಯ ಮಗಳೇ ಅಲ್ಲಿದ್ದರೆ ಹಬ್ಬಕ್ಕೆ ಕರೆಯಲು ಹೋಗಿರಿ. ಕರೆಯಲು ಯಾರೂ ಬಾರದ ದಿನವೇ ಅವಳು ಮತ್ತೆ ಜಾರುವ ದಿನ. ನಿಮ್ಮ ಸಂಕೋಚವನ್ನು ಈ ಜೋಳಿಗೆಗೆ ಹಾಕಿರಿ. ಅವಳು ತನ್ನ ಚಟವನ್ನು ಹಾಕಿದ್ದಾಳೆ. ನಾವು ನಮ್ಮ ತಾತ್ಸಾರವನ್ನು ಹಾಕಲಾರೆವೇ?

ಬಸವಾದಿ ಪ್ರಮಥರ ಕೃಪೆ ಈ ಮನೆಯ ಮೇಲಿರಲಿ.