ಸುಳ್ಳಿನ ಸ್ಪರ್ಧೆಗೆ ಸತ್ಯವಾದ ನಿಯಮಗಳು

(ಮುಚ್ಚಂಡಿಯಲ್ಲಿ ಸಂಘದ ವಾರ್ಷಿಕೋತ್ಸವದ ದಿನ ಮಾಡಿದ ಭಾಷಣ)



ಮುಂದಿನ ವಾರ್ಷಿಕೋತ್ಸವದಿಂದ ಹಾಡು, ಒಡಪು, ಒಗಟುಗಳ ಜೊತೆಗೆ ಬಡಾಯಿ ಭಾಷಣದ ಸ್ಪರ್ಧೆಯೊಂದನ್ನೂ ಏರ್ಪಡಿಸಬೇಕೆಂದು ನಮ್ಮ ಸಂಘವು ನಿಶ್ಚಯಿಸಿದೆ. ಅದರ ನಿಯಮಗಳನ್ನು ರಚಿಸಿ ತಮ್ಮೆದುರು ಅರಿಕೆ ಮಾಡಿಕೊಳ್ಳುವ ಭಾರವನ್ನು ನನ್ನ ಮೇಲೆ ಹೊರಿಸಲಾಗಿದೆ. ಈ ಸುದ್ದಿ ಹೊರಬಿದ್ದಾಗಿನಿಂದ ಕೆಲವು ಹಿರಿಯರು ನನ್ನನ್ನು ತಡೆದು ನಿಲ್ಲಿಸಿ ಕೇಳುತ್ತಿದ್ದಾರೆ: “ಏನ್ರೀ ಮಾಸ್ತರ, ಸಾಲಿಯಾಗ ಖರೇ ಮಾತಾಡ್ರಿ ಅಂತ ಕಲಿಸ್ತೀರಿ, ಸಂಘದಾಗ ಸುಳ್ಳಿಗೆ ಬಹುಮಾನ ಕೊಡ್ತೀರೇನು?” ಪ್ರಶ್ನೆ ನ್ಯಾಯವಾದದ್ದು. ನಮ್ಮ ಶರಣರು ಹುಸಿಯನ್ನು ಕಟುವಾಗಿ ನಿಷೇಧಿಸಿದವರು. ನಾವು ಗುಡ್ಡಾಪುರದ ದಾನಮ್ಮದೇವಿಯ ನೆರಳಿನಲ್ಲಿ ಬಾಳುವ ಜನ. ಆದುದರಿಂದ ನಿಯಮಗಳನ್ನು ಹೇಳುವ ಮೊದಲು ಆ ಪ್ರಶ್ನೆಗೆ ಉತ್ತರ ಹೇಳುವದು ನನ್ನ ಕರ್ತವ್ಯ.

ಹುಸಿ ಬೇರೆ, ಬಡಾಯಿ ಬೇರೆ. ಹುಸಿಯಾಡುವವನು ಕೇಳುವವನು ನಂಬಲೆಂದು ಆಡುತ್ತಾನೆ. ಬಡಾಯಿಯ ಕತೆಗಾರನು ಕೇಳುವವನು ನಂಬಲಾರನೆಂದು ತಿಳಿದೇ ಆಡುತ್ತಾನೆ. ಕೇಳುವವನೂ ಅದನ್ನು ಬಲ್ಲನು. ಮೊದಲನೆಯದರಲ್ಲಿ ಒಬ್ಬನು ಮೋಸಹೋಗುತ್ತಾನೆ. ಎರಡನೆಯದರಲ್ಲಿ ಇಬ್ಬರೂ ಕೂಡಿ ನಗುತ್ತಾರೆ. ನಮ್ಮ ಆಲಂಕಾರಿಕರು ಈ ಭೇದವನ್ನು ಬಹು ಹಿಂದೆಯೇ ಕಂಡಿದ್ದರು. ಲೋಕದ ಎಲ್ಲೆಯನ್ನು ಮೀರಿ ನುಡಿಯುವದನ್ನು ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ಅತಿಶಯೋಕ್ತಿಯೆಂಬ ಅಲಂಕಾರವೆಂದು ಎಣಿಸಿದನು. ಆ ದಂಡಿಯ ಜಾಡನ್ನು ಬಹುಮಟ್ಟಿಗೆ ಅನುಸರಿಸಿ 9ನೆಯ ಶತಮಾನದಲ್ಲಿ ಹುಟ್ಟಿದ ನಮ್ಮ ‘ಕವಿರಾಜಮಾರ್ಗ’ವು ಕನ್ನಡಿಗರಿಗೂ ಅಲಂಕಾರಗಳ ಪಾಠ ಹೇಳಿತು. ಮುಖವನ್ನು ಚಂದ್ರನೆಂದ ಕವಿಯನ್ನು ಯಾರೂ ಸುಳ್ಳುಗಾರನೆಂದು ಪಂಚಾಯತಿಗೆ ಎಳೆಯಲಿಲ್ಲ. ಆದರೆ ಹಳಸಿದ ಹಾಲನ್ನು ಅಮೃತವೆಂದು ಮಾರಿದವನನ್ನು ಎಳೆಯುತ್ತಾರೆ, ಎಳೆಯಲೂ ಬೇಕು.

ನಮ್ಮ ಜನಪದರಿಗೂ ಈ ವಿದ್ಯೆ ಹೊಸದಲ್ಲ. ಒಬ್ಬ ಅರಸನು, ತನ್ನ ಬಾಯಿಂದ “ಇದು ಸುಳ್ಳು” ಎನ್ನಿಸಿದವನಿಗೆ ಚೀಲ ತುಂಬ ಹೊನ್ನು ಕೊಡುವೆನೆಂದು ಡಂಗುರ ಸಾರಿದ ಕತೆಯನ್ನು ತಾವು ಕೇಳಿರಬಹುದು. ಬಂದವರ ಕತೆಗಳಿಗೆಲ್ಲ ಅರಸನು “ಇದ್ದರೂ ಇದ್ದೀತು” ಎಂದು ತಲೆದೂಗಿ ಅವರನ್ನು ಬರಿಗೈಯಲ್ಲಿ ಕಳಿಸುತ್ತಿದ್ದನು. ಕೊನೆಗೆ ಬಡವನೊಬ್ಬನು ಬಂದು, “ನಿಮ್ಮ ಅಜ್ಜನವರು ನಮ್ಮ ಅಜ್ಜನ ಹತ್ತಿರ ಏಳು ಚೀಲ ಹೊನ್ನು ಸಾಲ ಪಡೆದಿದ್ದರು, ಮಹಾರಾಜರೇ, ಇಂದು ತೀರಿಸುವ ವಾಯಿದೆ” ಎಂದನು. ನಿಜವೆಂದರೆ ಏಳು ಚೀಲ, ಸುಳ್ಳೆಂದರೆ ಒಂದು ಚೀಲ! ಜಾಣನಾದ ಅರಸನು ಸುಳ್ಳೆಂದೇ ಒಪ್ಪಿಕೊಂಡನು. ಇಲ್ಲಿ ಗೆದ್ದದ್ದು ಮೋಸವಲ್ಲ, ಬುದ್ಧಿ. ಇನ್ನು ನಮ್ಮ ಸೀಮೆಯ ಹರದೇಶಿ–ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು–ಜವಾಬು ನಡೆಸುವಾಗ, ಎದುರಿನವರ ಮಾತನ್ನು ಮಾತಿನಿಂದಲೇ ಮೀರಿಸುವ ಕಲೆಯನ್ನಲ್ಲವೇ ನಾವು ಕಂಬಳಿ ಹೊದ್ದು ಕುಳಿತು ಸವಿಯುವದು?

ಹೊರಗಿನ ಲೋಕದಲ್ಲಿಯೂ ಇಂಥ ಸ್ಪರ್ಧೆಗಳುಂಟು. ಇಂಗ್ಲೆಂಡಿನ ಕಂಬ್ರಿಯಾ ಪ್ರಾಂತದ ಸ್ಯಾಂಟನ್ ಬ್ರಿಜ್ ಎಂಬ ಸಣ್ಣ ಊರಿನಲ್ಲಿ ಜಗತ್ತಿನ ಅತಿ ದೊಡ್ಡ ಸುಳ್ಳುಗಾರನನ್ನು ಆರಿಸುವ ಸ್ಪರ್ಧೆ ನಡೆಯುತ್ತ ಬಂದಿದೆ. 19ನೆಯ ಶತಮಾನದಲ್ಲಿ ಆ ಭಾಗದಲ್ಲಿದ್ದ ವಿಲ್ ರಿಟ್ಸನ್ ಎಂಬ ಛತ್ರದ ಯಜಮಾನನ ನೆನಪಿಗಾಗಿ ಅದು ಹುಟ್ಟಿತು. ತಮ್ಮ ಕಣಿವೆಯ ಟರ್ನಿಪ್ ಗಡ್ಡೆಗಳು ಎಷ್ಟು ದೊಡ್ಡವೆಂದರೆ, ಜನರು ಅವನ್ನು ಊಟಕ್ಕಾಗಿ ಕೊರೆದು ತೆಗೆದ ಮೇಲೆ ಉಳಿದ ಪೊಳ್ಳು ಕುರಿಗಳಿಗೆ ದೊಡ್ಡಿಯಾಗುತ್ತಿತ್ತೆಂದು ಅವನು ಹೇಳುತ್ತಿದ್ದನಂತೆ. ಅಲ್ಲಿಯ ಸ್ಪರ್ಧೆಯಲ್ಲಿ ರಾಜಕಾರಣಿಗಳಿಗೂ ವಕೀಲರಿಗೂ ಪ್ರವೇಶವಿಲ್ಲ. ಅವರು ಈ ವಿದ್ಯೆಯಲ್ಲಿ ಮೊದಲೇ ಪಳಗಿದವರೆಂಬದು ಕೊಟ್ಟ ಕಾರಣ. ನಮ್ಮ ಸಂಘವು ಅಷ್ಟು ಕಠಿಣವಾಗುವದಿಲ್ಲ. ಚುನಾವಣೆಗೆ ನಿಂತವರೂ ಬರಬಹುದು. ಆದರೆ ಅವರಿಗೂ ಐದೇ ನಿಮಿಷ.

ಇನ್ನು ನಿಯಮಗಳು.

ಮೊದಲನೆಯದು, ಕಾಲದ ನಿಯಮ. 1924ರಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಗಿ ಇಂದು ಅನೇಕ ದೇಶಗಳಲ್ಲಿ ಹರಡಿರುವ ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣಾಭ್ಯಾಸದ ಸಂಸ್ಥೆಯು ಇಂಥ ಸ್ಪರ್ಧೆಗೆ ಮೂರರಿಂದ ಐದು ನಿಮಿಷಗಳ ಅವಧಿಯನ್ನು ಗೊತ್ತುಪಡಿಸಿದೆ. ಆಚೀಚೆ ಅರ್ಧ ನಿಮಿಷದ ಸಡಿಲಿಕೆ ಮಾತ್ರ. ನಾವೂ ಅದನ್ನೇ ಇಟ್ಟುಕೊಳ್ಳೋಣ. ಮೂರು ನಿಮಿಷಕ್ಕೆ ಒಂದು ಗಂಟೆ, ನಾಲ್ಕಕ್ಕೆ ಎರಡು, ಐದಕ್ಕೆ ಉದ್ದವಾದ ಗಂಟೆ. ಎರಡೂವರೆ ನಿಮಿಷಕ್ಕೆ ಮೊದಲು ಮುಗಿಸಿದವರೂ ಐದೂವರೆ ನಿಮಿಷ ಮೀರಿದವರೂ ಸ್ಪರ್ಧೆಯಿಂದ ಹೊರಗೆ.

ಎರಡನೆಯದು, ಕತೆ ಸ್ವಂತದ್ದಾಗಿರಬೇಕು. ಪುಸ್ತಕದಿಂದ, ಸಿನೇಮಾದಿಂದ, ಮೊಬೈಲಿನಿಂದ ಎತ್ತಿದ ಸುಳ್ಳು ಬೇಡ. ಕದ್ದ ಸತ್ಯಕ್ಕಿಂತ ಕದ್ದ ಸುಳ್ಳು ಕಡೆ. ಬರೆದದ್ದನ್ನು ನೋಡಿ ಓದಕೂಡದು. ಕೈಯಲ್ಲಿ ಯಾವ ವಸ್ತುವನ್ನೂ ಹಿಡಿದು ತೋರಿಸಕೂಡದು. ನಾಲಿಗೆಯೊಂದೇ ಸಲಕರಣೆ.

ಮೂರನೆಯದು, ಕತೆಗೆ ಕಟ್ಟು ಇರಬೇಕು. ಬಾಯಿಗೆ ಬಂದದ್ದನ್ನೆಲ್ಲ ಒಟ್ಟಿದರೆ ಅದು ಬಡಾಯಿಯ ಕತೆಯಾಗದು, ಹಗಲುಗನಸಿನ ಕನವರಿಕೆಯಾದೀತು. ಒಳ್ಳೆಯ ಕತೆಯಲ್ಲಿ ಬುಡದ ಸುಳ್ಳು ಒಂದೇ. ಉಳಿದುದೆಲ್ಲ ಅದರಿಂದ ತರ್ಕಬದ್ಧವಾಗಿ ಹುಟ್ಟಬೇಕು. 1785ರಲ್ಲಿ ರಾಸ್ಪೆ ಎಂಬವನು ಪ್ರಕಟಿಸಿದ ಜರ್ಮನಿಯ ಸರದಾರ ಮುಂಚೌಸನ್ನನ ಸಾಹಸಗಳಲ್ಲಿ ಒಂದನ್ನು ನೋಡಿರಿ. ಹಿಮ ಮುಚ್ಚಿದ ಬಯಲಿನಲ್ಲಿ ಕಂಡ ಒಂದು ಗೂಟಕ್ಕೆ ಕುದುರೆಯನ್ನು ಕಟ್ಟಿ ಅವನು ಮಲಗುತ್ತಾನೆ. ಬೆಳಗಾಗುವಷ್ಟರಲ್ಲಿ ಹಿಮ ಕರಗಿದೆ, ತಾನು ಊರೊಳಗೆ ನೆಲದ ಮೇಲಿದ್ದಾನೆ, ಕುದುರೆ ಚರ್ಚಿನ ಗೋಪುರದ ತುದಿಯಲ್ಲಿ ತೂಗಾಡುತ್ತಿದೆ. ಅವನು ಕಂಡದ್ದು ಗೂಟವಲ್ಲ, ಗೋಪುರದ ಕಳಸ! ಹಿಮ ಅಷ್ಟು ಎತ್ತರ ಬಿದ್ದಿತ್ತೆಂಬ ಒಂದು ಮಾತನ್ನು ಒಪ್ಪಿದಿರೋ, ಉಳಿದುದನ್ನೆಲ್ಲ ಒಪ್ಪಲೇಬೇಕು.

ನಮ್ಮ ಜತ್ತ ಸೀಮೆಗೆ ಹಿಮದ ಕತೆ ಏಕೆ? ನಮ್ಮಲ್ಲಿ ಬರವಿದೆ. ಉದಾಹರಣೆಗಾಗಿ ಒಂದನ್ನು ನಾನೇ ಹೇಳುತ್ತೇನೆ. “ನಮ್ಮ ಹೊಲದ ಬಾವಿ ಬಹಳ ಆಳ. ನಮ್ಮ ಮುತ್ತಜ್ಜ ಕೊಡ ಇಳಿಸಿದ. ಹಗ್ಗ ಬಿಡುತ್ತ ಬಿಡುತ್ತ ಅವನಿಗೆ ಮುಪ್ಪು ಬಂತು. ಅಜ್ಜನ ಕಾಲಕ್ಕೆ ಕೊಡ ತಳ ಮುಟ್ಟಿತು. ಅಪ್ಪ ಎಳೆಯತೊಡಗಿದ. ಮೊನ್ನೆ ನನ್ನ ಕೈಗೆ ಕೊಡ ಮೇಲೆ ಬಂತು. ಒಳಗೆ ನೀರಿಲ್ಲ, ಒಂದು ಮುದಿ ಕಪ್ಪೆ ಕುಳಿತಿದೆ. ‘ಡಫಳೆ ಸರಕಾರರ ವಾಡೆ ಎತ್ತ?’ ಎಂದು ಕೇಳಿತು. ‘ಸಂಸ್ಥಾನ 1948ರಲ್ಲೇ ವಿಲೀನವಾಯಿತಲ್ಲೋ’ ಎಂದೆ. ಕಪ್ಪೆ ನಿಟ್ಟುಸಿರುಬಿಟ್ಟು, ‘ಹಾಗಾದರೆ ಈ ಅರ್ಜಿ ಯಾರಿಗೆ ಕೊಡಲಿ? ಬಾವಿಯಲ್ಲಿ ನೀರಿಲ್ಲವೆಂದು ಬರೆದು ತಂದಿದ್ದೆ’ ಎಂದಿತು.”

ತಾವು ನಕ್ಕಿರಿ. ಬಾವಿಯ ಆಳವೊಂದೇ ಇಲ್ಲಿ ಬುಡದ ಸುಳ್ಳು. ತಲೆಮಾರುಗಳು ಸಂದದ್ದು, ಕಪ್ಪೆಗೆ ಹೊರಗಿನ ಸುದ್ದಿ ತಿಳಿಯದಿದ್ದುದು, ಎಲ್ಲವೂ ಅದರಿಂದಲೇ ಬಂದವು. ಕೊನೆಗೆ ಉಳಿದದ್ದು ಮಾತ್ರ ಸುಳ್ಳಲ್ಲ: ಬಾವಿಯಲ್ಲಿ ನೀರಿಲ್ಲ. 1972ರ ಬರವನ್ನು ಕಂಡ ಹಿರಿಯರಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಬಡಾಯಿಯ ತಳದಲ್ಲಿ ಒಂದು ನಿಜ ಕುಳಿತಿರುತ್ತದೆ, ಕೊಡದೊಳಗಿನ ಕಪ್ಪೆಯಂತೆ.

ನಾಲ್ಕನೆಯದು, ಹೇಳುವವನು ನಗಕೂಡದು. ಕತೆಯನ್ನು ತನಗೇ ನಡೆದದ್ದೆಂಬಂತೆ, ಸಾಕ್ಷಿ ನುಡಿಯುವವನ ಗಾಂಭೀರ್ಯದಿಂದ ಹೇಳಬೇಕು. ಸಭೆ ನಗುವಾಗ ತಡೆದು ನಿಂತು, ನಗೆ ಅಡಗಿದ ಮೇಲೆ ಮುಂದುವರಿಯಬೇಕು.

ಐದನೆಯದು, ಯಾರನ್ನೂ ನೋಯಿಸಕೂಡದು. ಜಾತಿ, ಮತ, ಅಂಗವಿಕಲತೆ, ಬಡತನ, ಹೆಣ್ಣುತನ ಇವು ನಗೆಯ ವಸ್ತುಗಳಲ್ಲ. ಊರಿನ ಯಾವ ವ್ಯಕ್ತಿಯ ಹೆಸರನ್ನೂ ಎತ್ತಕೂಡದು; ನಗೆಗೆ ಗುರಿಯಾಗುವವನು ಹೇಳುವವನೇ ಆಗಿರಲಿ. ಮರಾಠಿ ಬಂಧುಗಳ ನುಡಿಯನ್ನು ಅಣಕಿಸುವದಂತೂ ಸರ್ವಥಾ ಸಲ್ಲದು. ಕತೆ ಹೇಳುವದರಲ್ಲಿ ನಾವು ಅವರಿಂದ ಕಲಿಯುವದೂ ಉಂಟು. ಶಂಕರ ಪಾಟೀಲ, ದ. ಮಾ. ಮಿರಾಸದಾರ, ವ್ಯಂಕಟೇಶ ಮಾಡಗೂಳಕರ ಈ ಮೂವರು ಕೂಡಿ ಊರೂರಿನ ವೇದಿಕೆಗಳಲ್ಲಿ ಹಳ್ಳಿಯ ಕತೆಗಳನ್ನು ಹೇಳಿ ಸಾವಿರಾರು ಜನರನ್ನು ನಗಿಸಿದರು. ಮಾಡಗೂಳಕರರಾದರೋ ಇದೇ ಜಿಲ್ಲೆಯ ಆಟಪಾಡಿ ತಾಲೂಕಿನ, ನಮ್ಮಂತೆಯೇ ಬರದ ನೆಲದ ಮಗ.

ಆರನೆಯ ನಿಯಮವೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕೂ ಮುಖ್ಯವಾದುದು. ನಂಬಬಹುದಾದ ಸುಳ್ಳನ್ನು ಈ ವೇದಿಕೆಯಲ್ಲಿ ಹೇಳಕೂಡದು. ರೋಗ, ಔಷಧ, ಕುಡಿಯುವ ನೀರು, ಹಣ, ಪರೀಕ್ಷೆ, ಕಳ್ಳರು, ಕಾಣೆಯಾದ ಮಕ್ಕಳು ಇವುಗಳ ಬಗೆಗೆ ಕತೆ ಕಟ್ಟಿದರೆ ಆ ಕ್ಷಣವೇ ಗಂಟೆ ಬಾರಿಸಿ ಕೆಳಗಿಳಿಸಲಾಗುವದು.

ಇದಕ್ಕೆ ಕಾರಣವಿದೆ. 2018ರ ಜುಲೈ 1ರಂದು ಇದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ ಐದು ಜನ ಬಡ ಅಲೆಮಾರಿಗಳನ್ನು ಗುಂಪೊಂದು ಹೊಡೆದು ಕೊಂದಿತು. ಅವರು ಮಕ್ಕಳ ಕಳ್ಳರೆಂಬ ಅನುಮಾನ. ಆ ಅನುಮಾನಕ್ಕೆ ಮೂಲ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದ್ದ ಸುಳ್ಳು ಸುದ್ದಿ. ಸತ್ತವರು ಭಿಕ್ಷೆ ಬೇಡಿ ಬದುಕುವವರು. ಅವರಲ್ಲಿ ಹಲವರು ನಮ್ಮ ನೆರೆಯ ಮಂಗಳವೇಢೆ ತಾಲೂಕಿನವರು. ಆ ಸುಳ್ಳಿನಲ್ಲಿ ಬೆಟ್ಟದಷ್ಟು ದೊಡ್ಡದೇನೂ ಇರಲಿಲ್ಲ. ನಂಬಬಹುದಾದಷ್ಟು ಸಣ್ಣದಾಗಿತ್ತು, ಆದುದರಿಂದಲೇ ಅದು ಕೊಂದಿತು.

ಸುಳ್ಳನ್ನು ಮಕ್ಕಳಿಂದ ಮುಚ್ಚಿಟ್ಟು ಅವರನ್ನು ಕಾಯಬಲ್ಲೆವೆಂಬ ಕಾಲ ಕಳೆಯಿತು. ಅದು ಅವರ ಅಂಗೈಯಲ್ಲಿಯೇ ಇದೆ. ಸುಳ್ಳು ಹೇಗೆ ಕಟ್ಟಲ್ಪಡುತ್ತದೆ, ಒಂದು ನಿಜಕ್ಕೆ ಅದನ್ನು ಹೇಗೆ ಅಂಟಿಸುತ್ತಾರೆ, ಗಂಭೀರವಾದ ಮುಖ ಅದಕ್ಕೆ ಹೇಗೆ ಬಲ ಕೊಡುತ್ತದೆ ಎಂಬದನ್ನು ತಾನೇ ಕಟ್ಟಿ ನೋಡಿದ ಮಗುವು ನಾಳೆ ಅಂಥ ಸುದ್ದಿ ಬಂದಾಗ, “ಇದರ ಬುಡ ಎಲ್ಲಿ?” ಎಂದು ಕೇಳೀತು. ಹಿರಿಯರ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇದೇ.

ಏಳನೆಯದು, ಭಾಷೆಯ ನಿಯಮ. ಕತೆ ಕನ್ನಡದಲ್ಲಿರಬೇಕು. ಆದರೆ ಯಾವ ಕನ್ನಡ? ಪುಸ್ತಕದ ಕನ್ನಡವೇ ಆಗಬೇಕೆಂಬ ಹಟ ಬೇಡ. ಕವಿರಾಜಮಾರ್ಗದ ಕರ್ತೃವೇ, ಕನ್ನಡದ ಪ್ರಾಂತಭೇದಗಳನ್ನು ಎಣಿಸಹೊರಟರೆ ವಾಸುಕಿಗೂ ಸಾಕಾಗಿ ಹೋದೀತೆಂಬ ಭಾವದ ಮಾತನ್ನಾಡಿದ್ದಾನೆ. ಗಮನಿಸಿರಿ, ಅದೂ ಒಂದು ಸೊಗಸಾದ ಬಡಾಯಿ! ಇಲ್ಲಿಂದ ದೂರವಲ್ಲದ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದುದನ್ನು ಇದ್ದಂತೆ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ, ಮನೆಯ ಮಾತೇ ಸಾಹಿತ್ಯವೆಂದು ನಾಡು ತಲೆಬಾಗಿತು. ಆದುದರಿಂದ ಸಾಲಿ, ದವಾಖಾನಿ, ತಲಾಠಿ, ಎಸ್.ಟಿ. ಎಂಬ ನಮ್ಮ ಮನೆಯ ಮಾತುಗಳಿಗೆ ಇಲ್ಲಿ ದಂಡವಿಲ್ಲ. ಇಡಿಯ ವಾಕ್ಯವೇ ಬೇರೆ ಭಾಷೆಗೆ ಜಾರಿದರೆ ಮಾತ್ರ ಅಂಕ ಕಡಿಮೆಯಾಗುವದು. ಕನ್ನಡ ಶಾಲೆಯ ಮಗುವು ಅಂಗಡಿಯಲ್ಲಿ, ಕಚೇರಿಯಲ್ಲಿ ಕನ್ನಡವಾಡಲು ಅಳುಕುವದನ್ನು ನಾವು ದಿನವೂ ಕಾಣುತ್ತೇವೆ. ತಪ್ಪು ತಿದ್ದುವವರಿಲ್ಲದ, ನಗುವವರೇ ತುಂಬಿದ ಸಭೆಯಲ್ಲಿ ಐದು ನಿಮಿಷ ನಿಂತು ಮಾತನಾಡಿದರೆ ಆ ಅಳುಕು ಅರ್ಧ ಹೋದೀತು.

ಎಂಟನೆಯದು, ಅಂಕಗಳು. ಒಟ್ಟು ನೂರು: ಕಲ್ಪನೆಗೆ 30, ಕತೆಯ ಕಟ್ಟಿಗೆ 25, ಭಾಷೆಗೆ 20, ಹೇಳುವ ರೀತಿಗೆ 15, ಸಭೆಯ ನಗೆಗೆ 10. ನಗೆಗೆ ಹತ್ತೇ ಏಕೆಂದು ಕೇಳಬಹುದು. ಭರತನ ನಾಟ್ಯಶಾಸ್ತ್ರದಲ್ಲಿ ನಗೆಯು ಆರು ಬಗೆ. ಸ್ಮಿತ, ಹಸಿತಗಳು ಉತ್ತಮರವು. ವಿಹಸಿತ, ಉಪಹಸಿತಗಳು ಮಧ್ಯಮರವು. ಅಪಹಸಿತ, ಅತಿಹಸಿತಗಳು ಅಧಮರವು. ಹೊಟ್ಟೆ ಹಿಡಿದು ಉರುಳುವದೊಂದೇ ಅಳತೆಯಾದರೆ ತನ್ನ ಓಣಿಯವರನ್ನೆಲ್ಲ ಕರೆತಂದವನೇ ಗೆದ್ದಾನು. ತೀರ್ಪುಗಾರರು ಮೂವರು: ಒಬ್ಬ ಶಿಕ್ಷಕರು, ಒಬ್ಬ ರೈತರು, ಒಬ್ಬ ತಾಯಿ. ತಮ್ಮ ಮನೆಯ ಮಕ್ಕಳು ಸ್ಪರ್ಧೆಯಲ್ಲಿದ್ದವರು ಆ ಪೀಠದಲ್ಲಿ ಕೂಡ್ರಕೂಡದು. ಅವರ ತೀರ್ಪೇ ಕೊನೆಯದು. ಏಳನೆಯ ಇಯತ್ತೆಯವರೆಗಿನ ಮಕ್ಕಳು, ಪ್ರೌಢಶಾಲೆಯವರು, ಸಾರ್ವಜನಿಕರು ಹೀಗೆ ಮೂರು ವಿಭಾಗಗಳಿರಲಿ. ಸಾರ್ವಜನಿಕ ವಿಭಾಗಕ್ಕೆ ಅಜ್ಜಿಯಂದಿರು ತಪ್ಪದೆ ಬರಬೇಕೆಂದು ನನ್ನ ವಿಶೇಷ ವಿಜ್ಞಾಪನೆ; ರಾತ್ರಿ ಮೊಮ್ಮಕ್ಕಳಿಗೆ ಕತೆ ಹೇಳಿ ಗಳಿಸಿದ ಅನುಭವದ ಮುಂದೆ ನಮ್ಮಂಥ ವಿದ್ವಾಂಸರು ನಿಲ್ಲುವದು ಕಷ್ಟ.

ಮಹನೀಯರೇ, ನಿಯಮಗಳು ಇಷ್ಟೇ. ಇವುಗಳಲ್ಲಿ ತಿದ್ದುಪಡಿ ಬೇಕೆನಿಸಿದರೆ ಸಂಘದ ಕಾರ್ಯದರ್ಶಿಗಳಿಗೆ ಬರೆದು ಕೊಡಬೇಕು. ಹೆಸರು ಕೊಡುವವರು ಮಾತ್ರ ತಮ್ಮ ನಿಜವಾದ ಹೆಸರನ್ನೂ ನಿಜವಾದ ವಯಸ್ಸನ್ನೂ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಸ್ಪರ್ಧೆ ಅರ್ಜಿಯಲ್ಲಿಯೇ ಆರಂಭವಾಗಕೂಡದು.